ಹಸಿರು ಗುರಾಣಿಯ ಕಾವಲು

“ಅದನ್ನ ಮುಟ್ಟಬೇಡಿ. ಹಸಿರಿದೆ ತಾನೆ? ಹಸಿರಿರುವಾಗ ಮುಟ್ಟೋ ಹಾಗಿಲ್ಲ.”

ಬೀಗದ ಯಜಮಾನರು ಕೈ ಅಡ್ಡ ಹಿಡಿದರು. ಮೌಸಿನ ಮೇಲೆ ಬೆರಳಿಟ್ಟಿದ್ದ ತಮ್ಮ ಸುಟ್ಟುಕೊಂಡವನಂತೆ ಕೈ ಎತ್ತಿ ಅಕ್ಕನ ಮುಖ ನೋಡಿದ.

ಅಕ್ಕ ಎಂದರೆ ಕೆದಕಮ್ಮ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ವಿಮಾ ಕಂಪನಿಯಲ್ಲಿ ಹದಿನೆಂಟು ವರ್ಷ ಕೂತು ಸುಳ್ಳು ಅರ್ಜಿಗಳನ್ನು ಕೆದಕಿ ಕೆದಕಿ, ಜನರ ಬಾಯಲ್ಲಿ ಆ ಹೆಸರು ಸವೆದು ಈ ಹೆಸರು ಉಳಿದಿತ್ತು. ಈಗ ಆ ಕೆಲಸ ಬಿಟ್ಟಾಗಿತ್ತು. ಕೆದಕುವ ಚಟ ಮಾತ್ರ ಅವಳನ್ನು ಬಿಟ್ಟಿರಲಿಲ್ಲ.

“ಮುಟ್ಟದೆ ಹೇಗೆ ನೋಡೋದು ಯಜಮಾನ್ರೇ? ನಾಡಿ ಹಿಡೀಬೇಡಿ, ಜ್ವರ ಎಷ್ಟಿದೆ ಹೇಳಿ ಅಂದ ಹಾಗಾಯ್ತು.”

“ಜ್ವರ ಎಲ್ಲಿದೆ? ಅಲ್ಲಿ ನೋಡಿ.”

ಪರದೆಯ ಬಲಮೂಲೆಯಲ್ಲಿ ಉಗುರಿನಷ್ಟು ಚಿಕ್ಕದೊಂದು ಹಸಿರು ಗುರಾಣಿ. ಅದರ ಹೊಟ್ಟೆಯ ಮೇಲೆ ಬಿಳಿಯ ಸರಿಗುರುತು. ಪಕ್ಕದಲ್ಲಿ ಒಂದು ಸಾಲು: ‘ನಿಮ್ಮ ಕಂಪ್ಯೂಟರ್ ಸುರಕ್ಷಿತವಾಗಿದೆ.’

ಆ ಒಂದು ಸಾಲಿನ ಮೇಲೆ ಒಬ್ಬ ಮನುಷ್ಯನ ಮಾನ ನಿಂತಿತ್ತು.

ಒಂದೇ ತಿಂಗಳಲ್ಲಿ ಮೂರು ಮನೆಗಳ ಬಾಗಿಲು, ಬೀಗಕ್ಕೆ ಒಂದು ಗೀರೂ ಬೀಳದ ಹಾಗೆ, ಸರಿಯಾದ ಕೀಲಿಯಿಂದಲೇ ತೆರೆದಿದ್ದವು; ಮೂರೂ ಬೀಗ ಈ ಅಂಗಡಿಯಲ್ಲಿ ತಯಾರಾದವು. ಮೂರಕ್ಕೂ ಕೀಲಿ ಮಾಡಿದವನು ಅರದಣ್ಣ.

ಗೋಡೆ ಗಡಿಯಾರದಲ್ಲಿ ಮೂರು ಗಂಟೆ ಹತ್ತು ನಿಮಿಷ. ನಾಲ್ಕಕ್ಕೆ ಇನ್‌ಸ್ಪೆಕ್ಟರು ಬರುವವರಿದ್ದರು. ಬಂದರೆ ಯಜಮಾನರು ದೂರಿಗೆ ಸಹಿ ಹಾಕುತ್ತಾರೆ. ಸಹಿ ಬಿದ್ದರೆ ಅರದಣ್ಣ ಪೊಲೀಸ್ ಗಾಡಿ ಹತ್ತಬೇಕು.

ಆ ಅರದಣ್ಣ ಗಾಜಿನ ಗೋಡೆಯಾಚೆ, ತನ್ನ ಮೇಜಿನ ಮುಂದೆ, ಏನೂ ಆಗಿಲ್ಲವೆನ್ನುವಂತೆ ಕೀಲಿಗೆ ಅರ ಹಾಕುತ್ತಿದ್ದ. ಮೂವತ್ತೊಂದು ವರ್ಷದಿಂದ ಅದೇ ಸ್ಟೂಲು, ಅದೇ ಕಿಟಕಿಯ ಬೆಳಕು. ಮುಂಗೈಯ ಕೂದಲಿನ ಮೇಲೆ ಹಿತ್ತಾಳೆಯ ಪುಡಿ ಕೂತು ಮಿರಿಮಿರಿ ಮಿನುಗುತ್ತಿತ್ತು. ಐದು ವರ್ಷದ ಹಿಂದೆ ತನ್ನ ಒಬ್ಬಳೇ ಮಗಳನ್ನು ಯಜಮಾನರ ಮಗನಿಗೆ ಕೊಟ್ಟಿದ್ದ. ‘ಬೀಗದ ಅಂಗಡಿಯಲ್ಲೇ ಬೀಗರಾದರಲ್ಲಪ್ಪ’ ಎಂದು ಮದುವೆಮನೆಯಲ್ಲಿ ನಗದವರಿರಲಿಲ್ಲವಂತೆ. ಅಂದಿನಿಂದ ಯಜಮಾನರು ಅವನನ್ನು ‘ಬೀಗರೇ’ ಎಂದೇ ಕರೆಯುತ್ತಿದ್ದರು. ನಿನ್ನೆಯಿಂದ ಅದು ‘ನೀನು’ ಆಗಿತ್ತು.

ಆ ಮಗಳು, ಈಗ ಈ ಮನೆಯ ಸೊಸೆ, ಗಾಜಿನ ಬಾಗಿಲಿಗೆ ಒರಗಿ ನಿಂತಿದ್ದಳು. ಕಂಪ್ಯೂಟರಿನ ಕೆಲಸವೆಲ್ಲ ಅವಳದೇ. ಅಕ್ಕ ತಮ್ಮನನ್ನು ಕರೆಸಿದವಳೂ ಅವಳೇ. ಎದೆಗೆ ಒಂದು ನೋಟ್‌ಬುಕ್ ಒತ್ತಿಕೊಂಡಿದ್ದಳು.

“ಆ ಪುಸ್ತಕ ಕೊಡಮ್ಮ,” ಎಂದಳು ಕೆದಕಮ್ಮ.

ಕೊಟ್ಟಳು. ಪುಟಪುಟದಲ್ಲೂ ತಾರೀಕು, ಎದುರಿಗೆ ಎರಡೇ ಪದ: ‘ಹಸಿರು ಕಂಡೆ.’ ಕೆಳಗೆ ಸಹಿ. ಒಂದು ದಿನ ಅರದಣ್ಣನದು, ಒಂದು ದಿನ ಸೊಸೆಯದು.

“ಇದು ನಮ್ಮ ಅಂಗಡಿ ಪದ್ಧತಿ,” ಎಂದರು ಯಜಮಾನರು. ದನಿಯಲ್ಲಿ ಹೆಮ್ಮೆ ಇಣುಕಿತು. “ಬೆಳಿಗ್ಗೆ ಬಂದ ತಕ್ಷಣ ಕಂಪ್ಯೂಟರ್ ಹಾಕೋದು, ಗುರಾಣಿ ಹಸಿರಿದೆಯಾ ನೋಡೋದು, ಸಹಿ ಮಾಡೋದು. ಆಮೇಲೇ ಬೀಗದ ಫೈಲು ತೆಗೆಯೋದು. ನಾವು ಮಾರೋ ಪ್ರತಿ ಬೀಗಕ್ಕೂ ಒಂದು ನಂಬರ್ ಇರತ್ತೆ. ಆ ನಂಬರಿನ ಬೀಗ ಯಾವ ಮನೇದು, ಅದರ ಕೀಲಿಯ ಆರು ಕಚ್ಚು ಎಷ್ಟೆಷ್ಟು ಆಳ ಅಂತ ಈ ಫೈಲಲ್ಲಿದೆ. ಇದೊಂದು ಸಿಕ್ಕಿದ್ರೆ ಸಾಕು, ಯಾವ ಮೂಲೇಲಿ ಕೂತ್ಕೊಂಡೂ ನಿಮ್ಮ ಮನೆ ಕೀಲಿ ಮಾಡಬಹುದು. ಮೊದಲು ಕಬ್ಬಿಣದ ಪೆಟ್ಟಿಗೇಲಿ ಪುಸ್ತಕ ಇತ್ತು, ಈಗ ಇದರಲ್ಲಿದೆ.”

“ಹೊರಗಿನವರು ಕಂಪ್ಯೂಟರಿನೊಳಗೆ ನುಗ್ಗಿ ಕದ್ದಿರಬಹುದಲ್ಲ?”

“ಹೇಗೆ ನುಗ್ತಾರೆ? ದಿನಾ ಹಸಿರು. ಒಂದು ದಿನ ತಪ್ಪಿಲ್ಲ. ಆಂಟಿವೈರಸ್ ಎಚ್ಚರ ಇತ್ತು ಅಂದ್ಮೇಲೆ ಹೊರಗಿನವರಲ್ಲ. ಹೊರಗಿನವರಲ್ಲ ಅಂದ್ಮೇಲೆ ಒಳಗಿನವರು. ನನ್ನ ಮಗ ಊರೆಲ್ಲ ಬಾಗಿಲಿಗೆ ಬೀಗ ಕೂರಿಸ್ತಾ ತಿರುಗೋನು, ಈ ಕುರ್ಚಿ ಮುಟ್ಟೋದಿಲ್ಲ. ಸೊಸೆ ಮನೆ ಮಗಳು. ಇನ್ನು ಉಳಿದೋನು ಯಾರು? ಬೇಲಿನೇ ಎದ್ದು ಹೊಲ ಮೇಯ್ತು, ಅಷ್ಟೇ.”

ಸೊಸೆ ನೆಲ ನೋಡಿದಳು. ಆಚೆ ಅರದ ಸದ್ದು ತಾಳ ತಪ್ಪದೆ ನಡೆದೇ ಇತ್ತು.

ಕೆದಕಮ್ಮ ಪುಸ್ತಕ ಮಡಚಿದಳು. ವಿಮಾ ಕಂಪನಿಯಲ್ಲಿದ್ದಾಗ ಅವಳು ಕಲಿತ ಒಂದು ಪಾಠವಿತ್ತು: ತರ್ಕದ ಸರಪಳಿ ಎಷ್ಟು ಗಟ್ಟಿಯಾಗಿ ಕಂಡರೂ, ಅದರ ಮೊದಲ ಕೊಂಡಿಯನ್ನು ಯಾರೂ ಎಳೆದು ನೋಡಿರುವುದಿಲ್ಲ. ಎರಡನೆಯದು, ಮೂರನೆಯದು ಎಂದು ಎಳೆದಾಡುತ್ತಾರೆ. ಮೊದಲನೆಯದು ಗೋಡೆಗೆ ಭದ್ರವಾಗಿದೆ ಎಂದೇ ನಂಬುತ್ತಾರೆ.

“ಈ ಹಸಿರಿಗೆ ಎಷ್ಟು ವಯಸ್ಸು?” ಎಂದು ಕೇಳಿದಳು.

“ಹನ್ನೊಂದು ವರ್ಷ.” ಯಜಮಾನರು ಡ್ರಾಯರಿನಿಂದ ಒಂದು ರಟ್ಟಿನ ಡಬ್ಬಿ ತೆಗೆದರು. ಮೂಲೆಗಳು ಸವೆದಿದ್ದವು. ಮೇಲೆ ‘ಆಜೀವ ರಕ್ಷಣೆ’ ಎಂದು ದಪ್ಪಕ್ಷರ. “ಹಳೇ ಕಂಪ್ಯೂಟರಲ್ಲಿ ಇದೇ ಕಾಯ್ತಿತ್ತು. ಎರಡು ಸಲ ವೈರಸ್ ಹಿಡಿದು ಕಿರುಚಿದೆ. ಮೂರು ತಿಂಗಳ ಹಿಂದೆ ಹೊಸ ಕಂಪ್ಯೂಟರ್ ಬಂದಾಗ ಇದನ್ನೇ ಹಾಕಿದ್ವಿ.”

“ಕಂಪ್ಯೂಟರ್ ಹೊಸದು, ಸಿಸ್ಟಮ್ ಹೊಸದು, ಕಾವಲು ಮಾತ್ರ ಹಳೇದು,” ಎಂದ ತಮ್ಮ.

“ಹಳೇದೇ ಗಟ್ಟಿ ಕಣಪ್ಪ. ನಮ್ಮ ತಾತ ಮಾಡಿದ ಬೀಗ ಇವತ್ತಿಗೂ ಒಂದು ಉಗ್ರಾಣದ ಬಾಗಿಲಲ್ಲಿದೆ. ನಿಮ್ಮ ಹೊಸ ಬೀಗ ಎರಡು ವರ್ಷಕ್ಕೆ ಕೆಮ್ಮತ್ತೆ.”

ತಮ್ಮ ಅಕ್ಕನ ಕಡೆ ತಿರುಗಿ ಹುಬ್ಬು ಹಾರಿಸಿದ. ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟುಕೊಂಡವನು; ನಲವತ್ತಾಗಿದ್ದರೂ ಚೇಷ್ಟೆ ಬಿಟ್ಟಿರಲಿಲ್ಲ. “ಯಜಮಾನ್ರೇ, ಒಂದು ಆಟ ಆಡೋಣ. ಹಲ್ಲಿಲ್ಲದ ಹಾವು ತಂದಿದೀನಿ. ಇದು ಒಂದೇ ಸಾಲಿನ ಫೈಲು, ಯಾರಿಗೂ ಏನೂ ಮಾಡಲ್ಲ. ಆಂಟಿವೈರಸ್ ಎಚ್ಚರ ಇದೆಯಾ ಇಲ್ವಾ ಅಂತ ನೋಡೋಕೇ ಮಾಡಿರೋದು. ಎಚ್ಚರ ಇದ್ರೆ, ಇಳಿಸಿದ ಕ್ಷಣ ಹಾವು ಹಾವು ಅಂತ ಕೂಗಬೇಕು.”

“ಇಳಿಸು. ಕೂಗತ್ತೆ.”

ಇಳಿಸಿದ.

ಎಲ್ಲರೂ ಪರದೆ ನೋಡಿದರು. ಹಸಿರು ಗುರಾಣಿ ಹಸಿರಾಗಿಯೇ ಇತ್ತು. ಹತ್ತು ಕ್ಷಣ. ಇಪ್ಪತ್ತು. ತಮ್ಮ ಆ ಫೈಲನ್ನು ನಕಲು ಮಾಡಿದ, ಹೆಸರು ಬದಲಿಸಿದ, ತೆರೆದು ಮುಚ್ಚಿದ. ಹಾವು ಕಾವಲುಗಾರನ ತೊಡೆಯ ಮೇಲೆಲ್ಲ ಹರಿದಾಡಿತು. ‘ನಿಮ್ಮ ಕಂಪ್ಯೂಟರ್ ಸುರಕ್ಷಿತವಾಗಿದೆ.’

“ನಿಧಾನ ಇರಬಹುದು,” ಎಂದರು ಯಜಮಾನರು.

“ನಿಧಾನ ಅಲ್ಲ, ನಿದ್ದೆ,” ಎಂದ ತಮ್ಮ. “ಅಕ್ಕ, ಕೇಳು. ಈ ಹೊಸ ಸಿಸ್ಟಮ್ಮಿಗೆ ಹುಟ್ಟಿದಾಗಿಂದ ತನ್ನದೇ ಒಂದು ಕಾವಲು ಇರತ್ತೆ. ಆದ್ರೆ ಅದು ಬಲು ಮರ್ಯಾದಸ್ಥ. ಬೇರೆ ಕಾವಲುಗಾರ ಬಂದಿದಾನೆ ಅಂತ ಕಂಡ್ರೆ ‘ಸರಿ ಸ್ವಾಮಿ, ನೀವೇ ನೋಡ್ಕೊಳ್ಳಿ’ ಅಂತ ಪಕ್ಕಕ್ಕೆ ಸರಿಯತ್ತೆ. ಇಲ್ಲೂ ಸರಿದಿದೆ.”

“ಬಂದೋನು ನೋಡ್ಕೊಬೇಕಲ್ಲ?”

“ನೋಡೋಕೆ ಕಣ್ಣು ಬೇಕಲ್ಲ. ಹಳೇ ಆಂಟಿವೈರಸ್ಸಿನ ಕಣ್ಣು ಸಿಸ್ಟಮ್ಮಿನ ತಳದಲ್ಲಿ ಹೋಗಿ ಕೂರಬೇಕು. ಆ ತಳವೇ ಈಗ ಬೇರೆ ಥರ ಕಟ್ಟಿದಾರೆ. ಗುರುತಿಲ್ಲದ ಹಳೇ ಕಣ್ಣನ್ನ ಹೊಸ ಸಿಸ್ಟಮ್ ಒಳಗೆ ಬಿಟ್ಟಿಲ್ಲ. ಮುಖ ಒಳಗೆ ಬಂತು, ಕಣ್ಣು ಹೊರಗೇ ಉಳೀತು. ಮುಖಕ್ಕೆ ಅದು ಗೊತ್ತೂ ಇಲ್ಲ. ಯಾರು ಕೇಳಿದ್ರೂ ‘ಎಲ್ಲ ಕ್ಷೇಮ’ ಅನ್ನತ್ತೆ.”

ಕೆದಕಮ್ಮನಿಗೆ ಪರೀಕ್ಷೆಯ ದಿನಗಳಲ್ಲಿ ತನ್ನ ಮಗಳು ಪುಸ್ತಕದ ಮೇಲೆ ಕೆನ್ನೆಯಿಟ್ಟು ಮಲಗಿರುತ್ತಿದ್ದುದು ಕಣ್ಣ ಮುಂದೆ ಬಂತು. ‘ಓದ್ತಿದೀಯೇನೇ?’ ಎಂದು ಅಡುಗೆಮನೆಯಿಂದ ಕೂಗಿದರೆ ‘ಹೂಂ’ ಎನ್ನುತ್ತಿದ್ದಳು. ಸುಳ್ಳು ಹೇಳುವಷ್ಟು ಎಚ್ಚರವೂ ಆ ಮಗುವಿಗೆ ಇರುತ್ತಿರಲಿಲ್ಲ. ಆ ‘ಹೂಂ’ ನಂಬಿ ತಾನು ಪಾತ್ರೆ ತೊಳೆಯುತ್ತಿದ್ದೆನಲ್ಲ ಎಂದುಕೊಂಡಳು. ಕೇಳುವವರಿಗೂ ಒಂದು ‘ಹೂಂ’ ಸಿಕ್ಕರೆ ಸಾಕಾಗಿರುತ್ತದೆ.

“ಈಗ ಇನ್ನೊಂದು ನೋಡು,” ಎಂದ ತಮ್ಮ. ಅವನಿಗೆ ಹುರುಪು ಬಂದಿತ್ತು. “ತಾನಾಗಿ ಎಚ್ಚರ ಆಗಲ್ಲ, ತಟ್ಟಿ ಕೇಳಿದ್ರೆ ಏನಾದ್ರೂ ಹೇಳತ್ತಾ ನೋಡೋಣ.” ಆ ಹಾವಿನ ಫೈಲನ್ನು ತೋರಿಸಿ, ಇದನ್ನು ಪರೀಕ್ಷಿಸು ಎಂದು ಹಳೆಯ ಆಂಟಿವೈರಸ್ಸಿಗೆ ಆಜ್ಞೆ ಕೊಟ್ಟ. ತಕ್ಷಣ ಕೆಂಪು ಪೆಟ್ಟಿಗೆ ಹಾರಿತು. ಎಚ್ಚರಿಕೆ!

“ನೋಡಿ, ನೋಡಿ! ಹೇಳಿದ್ನಲ್ಲ?” ಎಂದರು ಯಜಮಾನರು.

“ತಿಳುವಳಿಕೆ ಹೋಗಿಲ್ಲ ಯಜಮಾನ್ರೇ. ತೋರಿಸಿದ್ರೆ ಗುರುತು ಹಿಡಿಯತ್ತೆ. ತೋರಿಸೋರು ಯಾರು ಅನ್ನೋದೇ ಕಷ್ಟ,” ಎಂದಳು ಕೆದಕಮ್ಮ. “ಇರಲಿ. ತಮ್ಮಾ, ಇಡೀ ಕಂಪ್ಯೂಟರನ್ನೇ ಅದಕ್ಕೆ ತೋರಿಸು.”

ತಮ್ಮ ಶುರು ಮಾಡಿದ. ಪರದೆಯ ಮೇಲೆ ಫೈಲುಗಳ ಹೆಸರು ಓಡತೊಡಗಿದವು.

ಅಷ್ಟರಲ್ಲಿ ಅವಳು ಯಜಮಾನರ ಎದುರು ಕುರ್ಚಿ ಎಳೆದು ಕೂತಳು.

“ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಈ ಹಳೇದನ್ನ ಹಾಕುವಾಗ ಹೊಸ ಸಿಸ್ಟಮ್ ಸುಮ್ಮನೆ ಒಪ್ತಾ?”

ಯಜಮಾನರು ಡಬ್ಬಿಯ ಸವೆದ ಮೂಲೆ ಒತ್ತಿದರು. “ಏನೋ ಬರ್ತಿತ್ತು.”

“ಏನು ಬರ್ತಿತ್ತು?”

“ನನಗೆ ಕನ್ನಡಕ ಇರಲಿಲ್ಲ.”

“ಓದಿದವರು ಯಾರು?”

ಬಾಗಿಲ ಬಳಿಯಿಂದ ಸೊಸೆಯ ದನಿ ಬಂತು. “ನಾನು ಓದಿದೆ ಅಕ್ಕ. ‘ಈ ಪ್ರೋಗ್ರಾಂ ಈ ಸಿಸ್ಟಮ್ಮಿಗೆ ಹೊಂದೋದಿಲ್ಲ’ ಅಂತ ಬಂತು. ಕಂಪ್ಯೂಟರ್ ತಂದುಕೊಟ್ಟವರೂ ಬೇಡ ಅಂದಿದ್ರು. ಮಾವ ಬೇರೆ ದಾರಿ ನೋಡು ಅಂದ್ರು. ಹಳೇ ಸಿಸ್ಟಮ್ ಥರ ನಟಿಸಿ ಇದನ್ನ ಒಳಗೆ ತಗೊಳ್ಳಲಾ ಅಂತ ಇನ್ನೊಂದು ಪ್ರಶ್ನೆ ಬಂತು. ‘ಸರಿಯಾಗಿ ಕೆಲಸ ಮಾಡದೆ ಇರಬಹುದು’ ಅಂತಲೂ ಇತ್ತು. ಅದನ್ನೂ ಓದಿ ಹೇಳಿದೆ.”

“ಮಾವ ಏನಂದ್ರು?”

ಸೊಸೆ ಮಾವನ ಮುಖ ನೋಡಿದಳು.

“ಹೌದು ಅನ್ನು ಅಂದೆ,” ಎಂದರು ಯಜಮಾನರು. “ಎಲ್ಲದಕ್ಕೂ ಹೌದು ಅನ್ನು ಅಂದೆ. ಹಸಿರು ಬಂತಲ್ಲ! ಬಂದ ಮೇಲೆ ಇನ್ನೇನು?”

“ಬೀಗ ಕೂರಿಸಿದ ಮೇಲೆ ನಿಮ್ಮ ಮಗ ಏನು ಮಾಡ್ತಾರೆ? ಹಿಡಿ ಹೊಳೀತಿದೆ ಅಂತ ನೋಡಿ ಬಂದುಬಿಡ್ತಾರಾ?”

“ಛೇ. ಬಾಗಿಲು ಹಾಕಿ ಎಳೆದು ನೋಡಬೇಕು. ಮೂರು ಸಲ.”

ಹೇಳಿದ ಮೇಲೆ ಆ ಮಾತು ಅವರ ಕಿವಿಗೇ ಬಿತ್ತು. ಡಬ್ಬಿ ಮೇಜಿನ ಮೇಲಿಟ್ಟರು.

“ಮೂರು ತಿಂಗಳು ದಿನಾ ಹಿಡಿ ಹೊಳೆಯೋದನ್ನ ನೋಡಿ ಸಹಿ ಹಾಕಿಸಿದೀರಿ,” ಎಂದಳು ಕೆದಕಮ್ಮ, ಮೆಲ್ಲಗೆ. “ಒಂದು ಸಲ ಎಳೆದು ನೋಡಲಿಲ್ಲ. ಆ ಸಹಿಗಳನ್ನೇ ಈಗ ಅವರ ಕೊರಳಿಗೆ ಸುತ್ತುತ್ತಿದೀರಿ.”

“ನಿಮಗೇನಮ್ಮ, ಹೇಳ್ತೀರಿ.” ಯಜಮಾನರು ಡಬ್ಬಿಯನ್ನು ದೂರ ತಳ್ಳಿದರು. “ಆರು ಸಾವಿರ ಬಾಗಿಲಿಗೆ ನಮ್ಮ ಬೀಗ ಇದೆ. ಕಳ್ಳ ಒಬ್ಬ ಕೆಲಸಗಾರ ಅಂದ್ರೆ, ಅವನನ್ನ ಕಳಿಸಿದೆ, ಮುಗೀತು ಅನ್ನಬಹುದು. ಕಂಪ್ಯೂಟರ್ ಬಾಗಿಲು ನಾನೇ ತೆರೆದಿಟ್ಟಿದ್ದೆ ಅಂದ್ರೆ? ಆರು ಸಾವಿರ ಮನೆಗೂ ಹೋಗಿ, ಅಮ್ಮಾ, ನಿಮ್ಮ ಬೀಗ ಬೀಗ ಅಲ್ಲ ಅಂತ ಹೇಳಬೇಕಾ? ಮೂರು ತಲೆಮಾರು ಕಾಪಾಡಿದ ಹೆಸರು.”

ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ದುಷ್ಟರನ್ನು ಎದುರಿಸುವುದು ಸುಲಭ. ಹೆದರಿದ ಒಳ್ಳೆಯವರು ಮಾಡುವ ಅನ್ಯಾಯಕ್ಕೆ ಮುಖ ಕೊಡುವುದು ಕಷ್ಟ.

“ಹೆಸರು ಉಳಿಸೋಕೆ ಬೀಗರನ್ನ ಕಳ್ಕೊಳ್ತೀರಾ?”

ಉತ್ತರ ಬರುವ ಮೊದಲೇ ಕಂಪ್ಯೂಟರ್ ಟಿಂಗ್ ಎಂದಿತು. ಕೆಂಪು ಪೆಟ್ಟಿಗೆ.

“ಸಿಕ್ತು,” ಎಂದ ತಮ್ಮ. ಕುರ್ಚಿಯ ತುದಿಗೆ ಸರಿದ. “ಇದು ಹಲ್ಲಿರೋ ಹಾವು ಅಕ್ಕ. ಹಳೇ ಜಾತಿ, ಒಂಬತ್ತು ಹತ್ತು ವರ್ಷದ್ದು. ನೀವು ಯಾವ ಫೈಲು ತೆರೆದರೂ ಅದರ ನಕಲು ಹೊರಗೆ ಕಳಿಸೋದು ಇದರ ಕಸುಬು. ಈ ಮುದಿ ಕಾವಲುಗಾರನಿಗೆ ಇದರ ಮುಖ ಚೆನ್ನಾಗಿ ಗೊತ್ತು. ಹೆಸರು ಹಿಡಿದು ಹೇಳ್ತಿದೆ. ಎದುರಿಗೇ ಹಾದು ಒಳಗೆ ಬಂದಿದೆ, ಕಣ್ಣು ಬಿಟ್ಟಿದ್ರೆ ಬಾಗಿಲಲ್ಲೇ ಹಿಡೀತಿತ್ತು.”

“ಅಂದ್ರೆ ಹೊರಗಿನವರು.”

“ಹೊರಗಿನವರೇ. ಅರದಣ್ಣ ಫೈಲು ಮಾರಬೇಕಾಗಿರಲಿಲ್ಲ. ಇವರು ದಿನಾ ತೆರೀತಿದ್ರು, ಅದು ದಿನಾ ಕಳಿಸ್ತಿತ್ತು.”

ಸೊಸೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಯಜಮಾನರು ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡರು.

ಇಲ್ಲಿಗೆ ನಿಲ್ಲಿಸಬಹುದಿತ್ತು ಎಂದು ಕೆದಕಮ್ಮನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಆದರೆ ಕೆದಕುವ ಕೈ ಸುಮ್ಮನಿರುವುದಿಲ್ಲ.

“ಒಳಗೆ ಹೇಗೆ ಬಂತು?”

“ಅದನ್ನ ಸಿಸ್ಟಮ್ಮೇ ಬರೆದಿಟ್ಟಿರತ್ತೆ. ಹೊಸದಲ್ವಾ, ಬಾಗಿಲಿಗೆ ಯಾರು ಬಂದ್ರು, ಎಷ್ಟು ಹೊತ್ತಿಗೆ ಬಂದ್ರು, ಎಲ್ಲ ಬರ್ಕೊಳ್ಳತ್ತೆ.” ತಮ್ಮ ಪಟ್ಟಿ ತೆರೆದು ಇಳಿಸುತ್ತ ಹೋದ. “ಹಾಂ. ನಲವತ್ತೊಂದು ದಿನದ ಹಿಂದೆ. ಮಧ್ಯಾಹ್ನ ಒಂದು ಇಪ್ಪತ್ತೆರಡು. ಪೆನ್‌ಡ್ರೈವಿಂದ. ಪೆನ್‌ಡ್ರೈವಿನ ಹೆಸರು...”

ಅವನು ನಿಲ್ಲಿಸಿದ.

“ಹೆಸರು?”

“ಮದುವೆ ಫೋಟೋ ಅಂತ ಇದೆ.” ಬೇಗ ಬೇಗ ಕೆಳಗೆ ಇಳಿಸಿದ. “ಸಾವಿರ ಪೆನ್‌ಡ್ರೈವಿಗೆ ಅದೇ ಹೆಸರಿರತ್ತೆ ಬಿಡು.”

ಅವನ ಬಾಯಲ್ಲಿ ಒಂದು ಚೇಷ್ಟೆಯ ಮಾತು ಬರಬೇಕಾಗಿತ್ತು. ಬರಲಿಲ್ಲ. ಕೆದಕಮ್ಮ ಅದನ್ನು ಗಮನಿಸಿದಳು; ಆದರೆ ಅದರ ಹಿಂದೆ ಹೋಗಲು ಪುರುಸೊತ್ತಾಗಲಿಲ್ಲ. ಗಾಜಿನ ಗೋಡೆಯಾಚೆ ಅರದ ಸದ್ದು ನಿಂತಿತ್ತು.

ಬಾಗಿಲಲ್ಲಿ ಅರದಣ್ಣ ನಿಂತಿದ್ದ. ಅವನ ಹಿಂದೆಯೇ, ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮೊದಲು, ಟೋಪಿ ಕಂಕುಳಲ್ಲಿಟ್ಟುಕೊಂಡ ಇನ್‌ಸ್ಪೆಕ್ಟರು.

“ನಾನೇ ಹಾಕಿದ್ದು,” ಎಂದ ಅರದಣ್ಣ.

“ಅಪ್ಪಾ!”

“ನೀನು ಸುಮ್ನಿರು. ಆ ಪೆನ್ನು ನಾನೇ ಹಾಕಿದೆ. ಬರ್ಕೊಳ್ಳಿ ಸ್ವಾಮಿ. ಬೇರೆ ಯಾರಿಗೂ ಗೊತ್ತಿಲ್ಲ.”

ಇನ್‌ಸ್ಪೆಕ್ಟರು ಎಲ್ಲರ ಮುಖ ಒಂದು ಸುತ್ತು ನೋಡಿದರು. “ಕೆದಕಮ್ಮನವರೇ, ನೀವಿದ್ದೂ ನನ್ನ ಕೆಲಸ ಇಷ್ಟು ಸುಲಭ ಆಗಿದ್ದು ಇದೇ ಮೊದಲು.”

“ಒಂದೇ ನಿಮಿಷ ಸಾರ್.” ಕೆದಕಮ್ಮ ತಮ್ಮನ ಚೀಲಕ್ಕೆ ಕೈಹಾಕಿ ಅವನದೇ ಒಂದು ಪೆನ್‌ಡ್ರೈವ್ ತೆಗೆದು ಅರದಣ್ಣನ ಅಂಗೈಯಲ್ಲಿಟ್ಟಳು. “ಹೇಗೆ ಹಾಕಿದ್ರಿ ಅಣ್ಣ? ಒಂದು ಸಲ ಹಾಕಿ ತೋರಿಸಿ.”

ಕಣ್ಣು ಮುಚ್ಚಿ ಕೊಟ್ಟರೂ ಯಾವ ಕೀಲಿ ಯಾವ ಬೀಗದ್ದೆಂದು ಬೆರಳಲ್ಲೇ ಹೇಳಬಲ್ಲ ಮನುಷ್ಯ. ಪೆನ್‌ಡ್ರೈವನ್ನು ಹಿಡಿದ. ತಿರುಗಿಸಿದ. ಮುಚ್ಚಳ ತೆಗೆಯಬೇಕೆಂದು ಹೊಳೆಯಲಿಲ್ಲ. ಹಾಗೇ ಕಂಪ್ಯೂಟರಿನ ಪೆಟ್ಟಿಗೆಯ ಮುಂದೆ ಬಗ್ಗಿ, ಇಯರ್‌ಫೋನಿನ ದುಂಡನೆಯ ತೂತಿಗೆ ಹಿಡಿದು ಒತ್ತಿದ. ಹೋಗಲಿಲ್ಲ. ಪಕ್ಕದ್ದಕ್ಕೆ ಒತ್ತಿದ. ಹಿತ್ತಾಳೆ ಪುಡಿಯ ಆ ದೊಡ್ಡ ಕೈಗೆ ಜಾಗ ಸಿಗಲಿಲ್ಲ.

“ಅವತ್ತು ಹೋಗಿತ್ತು,” ಎಂದ, ಯಾರ ಮುಖವನ್ನೂ ನೋಡದೆ.

ಇನ್‌ಸ್ಪೆಕ್ಟರು ಬರೆಯಲು ಪೆನ್ನು ತೆಗೆದವರು ಹಾಗೇ ಹಿಡಿದು ನಿಂತರು. ಯಜಮಾನರು ಅತ್ತ ತಿರುಗಿದರು, ನೋಡಲಾಗಲಿಲ್ಲ.

ಮಗಳು ಬಂದಳು. ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆನ್‌ಡ್ರೈವ್ ತೆಗೆದುಕೊಂಡು, ಮುಚ್ಚಳ ಕಿತ್ತು, ಒಂದೇ ಸಲಕ್ಕೆ ಸರಿಯಾದ ಜಾಗಕ್ಕೆ ಸೇರಿಸಿದಳು.

“ಸಾಕಪ್ಪ,” ಎಂದಳು. ಆಮೇಲೆ ಇನ್‌ಸ್ಪೆಕ್ಟರ ಕಡೆಗೆ: “ಹಾಕಿದ್ದು ನಾನು. ಬೀಗದ ಕೆಲಸದ್ದು ಬಿಟ್ಟು ಬೇರೆ ಏನನ್ನೂ ಇದಕ್ಕೆ ಚುಚ್ಚಬಾರದು ಅಂತ ಮಾವ ಹೇಳಿದ್ರು. ಮಾವ ಊಟಕ್ಕೆ ಹೋಗಿದ್ದಾಗ ಹಾಕಿದೆ. ಗುರಾಣಿ ನೋಡಿದೆ, ಹಸಿರಿತ್ತು.”

“ಯಾಕೆ ಹಾಕಿದ್ರಿ?”

“ಅವತ್ತಿಗೆ ಅಮ್ಮ ಹೋಗಿ ಒಂದು ವರ್ಷ. ಮನೇಲಿ ಅಮ್ಮಂದು ಒಂದು ಫೋಟೋನೂ ಇಲ್ಲ. ಅವಳು ಯಾವತ್ತೂ ಮುಖ ತಿರುಗಿಸ್ತಿದ್ಲು. ನನ್ನ ಮದುವೆ ದಿನ ಮಾತ್ರ ನಿಂತಿದ್ಲು.” ಪರದೆಯ ಕಡೆ ನೋಡಿದಳು. “ಒಂದು ಸಲ ದೊಡ್ಡದಾಗಿ ಅವಳ ಮುಖ ನೋಡಬೇಕು ಅಂದ್ರು ಅಪ್ಪ. ಅದಕ್ಕೇ ಈಗ ತಪ್ಪನ್ನ ಮೈಮೇಲೆ ಹಾಕ್ಕೊಳ್ತಿದಾರೆ. ಈ ಸ್ಕ್ರೀನ್ ದೊಡ್ಡದು.”

ಅರದಣ್ಣ ಸ್ಟೂಲು ಹುಡುಕುವವನಂತೆ ಹಿಂದಕ್ಕೆ ಕೈ ಚಾಚಿದ. ಯಜಮಾನರು ತಮ್ಮ ಕುರ್ಚಿಯನ್ನೇ ಎಳೆದುಕೊಟ್ಟರು. “ಕೂತ್ಕೊಳ್ಳಿ ಬೀಗರೇ,” ಎಂದರು, ಯಾರಿಗೂ ಕೇಳಿಸದಷ್ಟು ಸಣ್ಣಗೆ.

“ನನಗೆ ದಯೆ ಇಲ್ಲ ಅಂತಲ್ಲ,” ಎಂದರು ಇನ್‌ಸ್ಪೆಕ್ಟರು. “ಮೂರು ಮನೆ ದೋಚಿದಾರೆ. ಒಂದರಲ್ಲಿ ಒಬ್ಬ ಮುದುಕಿ ಏಟು ತಿಂದು ಮಲಗಿದಾಳೆ. ಒಳಗಿನವರು ಒಬ್ಬರಲ್ಲ, ಇಬ್ಬರು ನಾನೇ ಅಂತಿದಾರೆ. ಕಳ್ಳರಿಗೂ ಇವರಿಗೂ ನಂಟಿಲ್ಲ ಅಂತ ನಾನು ಯಾವ ಧೈರ್ಯದ ಮೇಲೆ ಬಿಡಲಿ? ಆ ಪೆನ್‌ಡ್ರೈವಿಗೆ ವೈರಸ್ ಎಲ್ಲಿಂದ ಬಂತು ತೋರಿಸಿ, ಬಿಡ್ತೀನಿ.”

ಕೆದಕಮ್ಮ ಸೊಸೆಯ ಕಡೆ ತಿರುಗಿದಳು. “ಫೋಟೋ ತುಂಬಿಸಿದ್ದು ಎಲ್ಲಿ?”

ಸೊಸೆ ತಲೆ ಎತ್ತಿದಳು. ಕೆದಕಮ್ಮನ ಭುಜದಾಚೆ ನೋಡುತ್ತಿದ್ದಳು.

“ಹೇಳಮ್ಮ. ಆ ಫೋಟೋಗಳನ್ನ ಪೆನ್‌ಡ್ರೈವಿಗೆ ಹಾಕಿಕೊಟ್ಟವರು ಯಾರು?”

“ನಿಮ್ಮ ತಮ್ಮನ ಅಂಗಡೀಲಿ ಅಕ್ಕ. ಇವರೇ ಕೈಗೆ ಕೊಟ್ರು. ಆಗಲೇ ಹೇಳ್ತಾರೆ ಅಂದ್ಕೊಂಡೆ.”

ಕೆದಕಮ್ಮ ಹಿಂದಕ್ಕೆ ತಿರುಗಿದಳು. ತಮ್ಮ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ತಂದಿದ್ದ ವೈರುಗಳನ್ನು ಸುತ್ತಿ ಚೀಲಕ್ಕೆ ಹಾಕುತ್ತಿದ್ದ. ಸುತ್ತಿ ಮುಗಿದದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದ.

“ಹೆಸರು ಓದಿದಾಗಲೇ ಗೊತ್ತಾಯ್ತಾ ನಿನಗೆ?”

ಅವನು ಹೌದೆಂದು ತಲೆಯಾಡಿಸಿದ.

ಅವಳು ಬೈಯಲಿಲ್ಲ. ಇವನಿಗೆ ಸೈಕಲ್ ಕಲಿಸಿದವಳು ಅವಳು. ಬಿದ್ದಾಗ ಇವನು ಹೀಗೇ, ಗಾಯ ತೋರಿಸದೆ ಸೈಕಲ್ ಒರೆಸುತ್ತ ಕೂತುಬಿಡುತ್ತಿದ್ದ. ಆದರೂ ಲೆಕ್ಕ ಸರಳವಾಗಿತ್ತು: ಇವನ ಅಂಗಡಿಯ ಕಂಪ್ಯೂಟರಿಗೆ ಯಾವುದೋ ಗಿರಾಕಿಯ ಸೋಂಕು ತಗುಲಿದೆ. ಅದನ್ನು ತೋರಿಸಿದರೆ ಇವನ ಹೆಸರು ಕೆಡುತ್ತದೆ. ತೋರಿಸದಿದ್ದರೆ ಅಪ್ಪ ಮಗಳಲ್ಲಿ ಒಬ್ಬರು ಗಾಡಿ ಹತ್ತುತ್ತಾರೆ. ಹೆಸರಿಗೆ ಹೆದರಿ ಇನ್ನೊಬ್ಬರನ್ನು ಬಲಿಕೊಡಬೇಡಿ ಎಂದು ಯಜಮಾನರಿಗೆ ಬುದ್ಧಿ ಹೇಳಿ ಇನ್ನೂ ಕಾಲು ಗಂಟೆ ಕಳೆದಿರಲಿಲ್ಲ.

“ಸಾರ್, ಒಂದು ಗಂಟೆ ಕೊಡಿ,” ಎಂದಳು. “ಇವನ ಅಂಗಡಿ ಎರಡು ಬೀದಿ ಆಚೆ. ನೀವೇ ಬನ್ನಿ. ಅಲ್ಲಿನ ಕಂಪ್ಯೂಟರಲ್ಲಿ ಇದೇ ಹಾವು ಸಿಕ್ರೆ ಇವರಿಬ್ಬರನ್ನೂ ಬಿಡಬೇಕು.”

ಇನ್‌ಸ್ಪೆಕ್ಟರು ಗಡಿಯಾರ ನೋಡಿದರು. “ಐದು ಗಂಟೆ. ಐದಕ್ಕೆ ನೀವು ಬರಿಗೈಲಿದ್ರೆ, ಒಪ್ಪಿಕೊಂಡವರನ್ನ ನಾನು ಕರ್ಕೊಂಡು ಹೋಗೋದೇ.”

ಅರದಣ್ಣ ತಲೆ ಎತ್ತಿ ಅವಳನ್ನು ನೋಡಿದ. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ನಂಬಿಕೆ ಇತ್ತು. ಅದೇ ಹೆಚ್ಚು ಭಾರವಾಗಿತ್ತು.

“ಏಳು,” ಎಂದಳು ತಮ್ಮನಿಗೆ. ಕೈ ಚಾಚಿದಳು. “ಅಂಗಡಿ ಕೀಲಿ ಕೊಡು.”

ತಮ್ಮ ಎದ್ದ. ಜೇಬಿಗೆ ಕೈ ಹೋಗಲಿಲ್ಲ.

“ಕೀಲಿ ನನ್ನ ಹತ್ರ ಇಲ್ಲ ಅಕ್ಕ.”

“ಮನೇಲಿದೆಯಾ?”

“ಎಲ್ಲೂ ಇಲ್ಲ.” ವೈರಿನ ಸುರುಳಿ ಅವನ ಕೈಯಿಂದ ಜಾರಿ ಬಿಚ್ಚಿಕೊಂಡಿತು. “ಆ ಅಂಗಡಿ ನಂದಲ್ಲ. ಬೇರೆಯವರ ಕೈಗೆ ಹೋಗಿ ನಾಲ್ಕು ತಿಂಗಳಾಯ್ತು. ಅವರು ಬಾಗಿಲು ತೆರೆದಾಗ ಹೋಗಿ ಕೂತ್ಕೊಳ್ತೀನಿ, ಮುಚ್ಚಿದಾಗ ಬರ್ತೀನಿ. ಆ ಪೆನ್‌ಡ್ರೈವ್ ತುಂಬಿಸಿದ ಕಂಪ್ಯೂಟರೂ ಅವರದೇ, ಬೋರ್ಡು ಮಾತ್ರ ನಂದು.”